ಬಲಗಡೆಯ ಮುಂಜಾನೆ

ನಮ್ಮ ಸುರಪುರದ ಮನೆಯ ಅಂಗಳ ಎಷ್ಟು ದೊಡ್ಡದಿತ್ತು ಎಂಬ ವಿಷಯದಲ್ಲಿ ನನಗೂ ನನ್ನ ನೆನಪಿಗೂ ಇನ್ನೂ ರಾಜಿಯಾಗಿಲ್ಲ. ನೆನಪಿನಲ್ಲಿ ಅದು ಬಯಲು. ಈ ತುದಿಯಿಂದ ಕೂಗಿದರೆ ಆ ತುದಿಗೆ ಕೇಳಿಸದು. ಎರಡು ವರ್ಷದ ಕೆಳಗೆ ಹೋಗಿ ಹೆಜ್ಜೆ ಹಾಕಿ ಅಳೆದೆ. ಈಗ ಅಲ್ಲಿರುವವರು ಚಹಾ ಕೊಟ್ಟು, ಈ ಮುದುಕಿ ಏನು ಕಳೆದುಕೊಂಡು ಹುಡುಕುತ್ತಿದ್ದಾಳೆ ಎಂದು ನೋಡುತ್ತ ನಿಂತರು. ಹದಿನಾಲ್ಕನೆಯ ಹೆಜ್ಜೆಗೆ ಗೋಡೆ ಬಂತು. ಆದ್ದರಿಂದ ಮುಂದೆ ನಾನು ಬರೆಯುವ ಅಳತೆಗಳನ್ನೆಲ್ಲ ಓದುಗರು ಸ್ವಲ್ಪ ಕುಗ್ಗಿಸಿಕೊಂಡೇ ಓದಬೇಕು. ಒಂದನ್ನು ಮಾತ್ರ ಕುಗ್ಗಿಸುವ ಹಾಗಿಲ್ಲ: ಆ ಅಂಗಳದ ನಟ್ಟನಡುವೆ ಒಂದು ಕಬ್ಬಿಣದ ಸಲಾಕೆ ನೆಟ್ಟಿತ್ತು, ಅದರ ಸಲುವಾಗಿ ನನ್ನ ಅಪ್ಪ ಅವ್ವ ಇಡೀ ಒಂದು ಬೇಸಿಗೆ ಜಗಳಾಡಿದರು.

ಅಪ್ಪ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಖಗೋಳದ ಪಾಠ ಹೇಳುತ್ತಿದ್ದ. ಉರ್ದುವಿನಲ್ಲಿ. ನಮ್ಮ ಕಡೆಯ ಇಂದಿನ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ: ಮನೆಯಲ್ಲಿ ಕನ್ನಡ ಮಾತಾಡುವ, ಹಣೆಗೆ ವಿಭೂತಿ ಹಚ್ಚುವ ಮನುಷ್ಯ ಸೂರ್ಯ ಚಂದ್ರರ ಲೆಕ್ಕವನ್ನು ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಲಿಸುತ್ತಿದ್ದ. ನಮ್ಮೂರೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ದೊಡ್ಡ ಓದು ಎಂದರೆ ಉರ್ದು. ರಜೆ ಬಂದಾಗ ರೈಲಿನಲ್ಲಿ ಯಾದಗಿರಿಗೆ ಬಂದು ಇಳಿದು, ಶಹಾಪುರದ ಮೇಲೆ ಹಾದು ಬರುವ ಬಸ್ಸು ಹಿಡಿದು, ಹುಬ್ಬಿನವರೆಗೆ ಧೂಳಾಗಿ ಮನೆ ಸೇರುತ್ತಿದ್ದ. ಖಗೋಳದ ಮೇಷ್ಟ್ರ ಮನೆ ಎಂದರೆ ಮಾಳಿಗೆಯ ಮೇಲೆ ದೂರದರ್ಶಕ, ನಕ್ಷತ್ರ ಎಂದು ಜನ ಕಲ್ಪಿಸಿಕೊಳ್ಳುತ್ತಾರೆ. ದೂರದರ್ಶಕ ಹೈದರಾಬಾದಿನಲ್ಲಿತ್ತು. ಊರಲ್ಲಿ ಅಪ್ಪ ಊಟವಾದ ಕೂಡಲೇ ಮಲಗಿಬಿಡುತ್ತಿದ್ದ. ನಮ್ಮ ಮನೆಯ ಪಾಲಿಗೆ ಆಕಾಶದಲ್ಲಿ ಇದ್ದವನು ಸೂರ್ಯ ಒಬ್ಬನೇ.

ಸಂಸ್ಥಾನ ಹೋಗಿ ದೇಶದೊಳಗೆ ಸೇರಿದ ಮೇಲಿನ ವರ್ಷಗಳಲ್ಲಿ ಊರಿನ ಬೋರ್ಡುಗಳು ಒಂದೊಂದಾಗಿ ಬದಲಾದವು. ಕಚೇರಿಯದು ಮೊದಲು, ನಮ್ಮ ಶಾಲೆಯದು ಆಮೇಲೆ. ಶಾಲೆಯಲ್ಲಿ ಮಾಸ್ತರರು ಅವರೇ, ಕೈಯಲ್ಲಿದ್ದ ಬೆತ್ತವೂ ಅದೇ. ನಿನ್ನೆಯವರೆಗೆ ಅಲಿಫ್ ಬೇ ಬರೆಸಿದವರು ಇವತ್ತು ಅ ಆ ಬರೆಸತೊಡಗಿದರು. ಹಳೆಯ ರೂಢಿಯಲ್ಲಿ ನೋಟುಬುಕ್ಕನ್ನು ಹಿಂದಿನಿಂದ ತೆರೆದು ನಾನು ಏಟು ತಿಂದದ್ದು ನೆನಪಿದೆ, ಅಥವಾ ಪಕ್ಕದಲ್ಲಿ ಕೂತವಳು ತಿಂದದ್ದು; ಅಂಗೈಯ ಉರಿ ಮಾತ್ರ ನನ್ನದೇ ಅನ್ನಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ಪಾಠ ಇಂಗ್ಲಿಷಿಗೆ ಹೋಯಿತು. ಅಪ್ಪ ಇಂಗ್ಲಿಷ್ ಪುಸ್ತಕ ಓದಬಲ್ಲವ, ಆದರೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬಾಯಿ ತೆರೆದವನಲ್ಲ. ಇಷ್ಟು ವರ್ಷದ ತನ್ನ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳಲೆಂದು ಉದ್ದನೆಯ ರಜೆ ತೆಗೆದುಕೊಂಡು, ಎರಡು ಟ್ರಂಕು ಕಾಗದ ಹೊರಿಸಿಕೊಂಡು ಬಂದ. ಟ್ರಂಕುಗಳು ಬಂದ ಎರಡು ವಾರಕ್ಕೆ ದೇವಿಂದ್ರ ಬಂದ.

ದೇವಿಂದ್ರ ಅಪ್ಪನ ವಿದ್ಯಾರ್ಥಿ, ಕೊನೆಯ ವರ್ಷದವನು. ಯಾದಗಿರಿಯ ಆಚೆ ಭೀಮೆಯ ದಂಡೆಯ ಅಂಬಿಗರ ಮನೆಯವನು. ಅವನ ತಂದೆ ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ, ಉಳಿದ ಹೊತ್ತು ಮೀನು ಹಿಡಿಯುತ್ತಿದ್ದ. ಉದ್ದನೆಯ ಆಳು, ನಮ್ಮ ಮನೆಯ ಬಾಗಿಲುಗಳಲ್ಲೆಲ್ಲ ತಲೆ ಬಗ್ಗಿಸಿ ನಡೆಯುತ್ತಿದ್ದ. ಬಗ್ಗಿಸುವುದು ಎತ್ತರಕ್ಕೋ ಸಂಕೋಚಕ್ಕೋ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಉರ್ದುವಿನಲ್ಲಿ ಓದಿ, ಕೊನೆಯ ಪರೀಕ್ಷೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಕೊಡಬೇಕಾಗಿ ಬಂದವರಲ್ಲಿ ಅವನೊಬ್ಬ. ಅದರ ಜೊತೆಗೆ ಒಂದು ದಾಖಲೆ ಪುಸ್ತಕವನ್ನೂ ಒಪ್ಪಿಸಬೇಕಿತ್ತು. ಒಂದೇ ಜಾಗದಲ್ಲಿ ಮೂವತ್ತು ದಿನ, ದಿನಕ್ಕೆ ಐದು ಸಲ, ಒಂದು ಸಲಾಕೆಯ ನೆರಳಿನ ಉದ್ದವನ್ನೂ ದಿಕ್ಕನ್ನೂ ಅಳೆದು, ಅದರಿಂದ ಆ ಊರು ಭೂಮಿಯ ಮೇಲೆ ಎಲ್ಲಿದೆ ಎಂದು ಲೆಕ್ಕ ಹಾಕಿ ತೋರಿಸಬೇಕು. ಹೊರಗಿನ ಪರೀಕ್ಷಕರೊಬ್ಬರು ಅದನ್ನು ನೋಡುತ್ತಾರೆ. ಅದರಲ್ಲಿ ನಪಾಸಾದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಮತ್ತೆ ಹರಿಗೋಲು. ಹರಿಗೋಲಿನ ಬಗ್ಗೆ ಅವನಿಗೆ ಅಸಡ್ಡೆ ಇರಲಿಲ್ಲ. ಅಲ್ಲಿಗೆ ವಾಪಸು ಹೋಗುವ ರೀತಿಯ ಬಗ್ಗೆ ಭಯವಿತ್ತು.

ಆಯಿ ಎಂದರೆ ಅಪ್ಪನ ಅವ್ವ, ಮನೆಯ ನಿಜವಾದ ಯಜಮಾನಿ. ಮೊದಲ ವಾರ ಅವಳು ದೇವಿಂದ್ರನ ತಾಟನ್ನು ಪಡಸಾಲೆಯಲ್ಲೇ ಇಡಿಸಿದಳು. ಮೀನು ಹಿಡಿಯುವವರ ಮಗ ಅಡಿಗೆಮನೆಯ ಹೊಸ್ತಿಲು ದಾಟಬಾರದು. ಅವನ ಓದು ನೋಡಿ ಅವಳ ಮನಸ್ಸು ಕರಗಿತು, ಒಳಗೆ ಕರೆದಳು ಎಂದು ಬರೆದರೆ ಈ ಅಧ್ಯಾಯ ಚೆಂದವಾಗುತ್ತದೆ. ಒಂದು ಸಲ ಹಾಗೆ ಬರೆದೂ ಇದ್ದೆ. ನಡೆದದ್ದು ಬೇರೆ. ಒಂದು ಮಧ್ಯಾಹ್ನ ಸುಳಿಗಾಳಿ ಎದ್ದು ಪಡಸಾಲೆಯ ತುಂಬ ಮಣ್ಣು ಬಂತು, ರೊಟ್ಟಿಯ ಮೇಲೆ, ಪುಂಡಿಪಲ್ಯದ ಮೇಲೆ. ಆಯಿ ಒಳಗಿನಿಂದ ಒದರಿದಳು.

“ಎದ್ದು ಒಳಗ ಬಾರೋ! ಮಣ್ಣ ತಿಂತಿಯೇನು?”

ಅವನು ತಾಟು ಎತ್ತಿಕೊಂಡು ಒಳಗೆ ಬಂದ. ಮರುದಿನ ಹೊರಗೆ ತಾಟು ಇಡುವುದು ಯಾರಿಗೂ ನೆನಪಾಗಲಿಲ್ಲ. ಅದು ಗಾಳಿ ಮಾಡಿದ ಕೆಲಸ, ಅದರ ಹೆಸರನ್ನು ನಾವು ಯಾರೂ ಹೊತ್ತುಕೊಳ್ಳಬಾರದು.

ಅಪ್ಪನ ಪಾಠಕ್ಕೆ ಒಂದು ಕಟ್ಟಳೆ ಇತ್ತು. ದೇವಿಂದ್ರ ಏನನ್ನೇ ಇಂಗ್ಲಿಷಿನಲ್ಲಿ ಬರೆಯುವ ಮೊದಲು ಅದನ್ನು ಆಯಿಗೆ ಕನ್ನಡದಲ್ಲಿ ಹೇಳಿ ತಿಳಿಸಬೇಕು.

“ಉರ್ದುದಾಗ ನೀ ಬಾಯಿಪಾಠ ಮಾಡೀದಿ. ಇಂಗ್ಲಿಷ್‌ದಾಗೂ ಬಾಯಿಪಾಠ ಮಾಡ್ತಿ. ನಮ್ಮವ್ವನ ಮುಂದ ಬಾಯಿಪಾಠ ನಡೆಂಗಿಲ್ಲ. ಅಕಿಗೆ ತಿಳೀತಂದ್ರ ನಿನಗ ತಿಳದದ ಅಂತ ಅರ್ಥ.”

ಹಾಗಾಗಿ ದಿನಾ ಇಳಿಹೊತ್ತಿನಲ್ಲಿ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕಟ್ಟೆಯ ಮೇಲೆ ಕೂತಿದ್ದರೆ, ಆ ಉದ್ದನೆಯ ಮನುಷ್ಯ ಅವಳ ಕಾಲ ಬಳಿ ಕೂತು ಬೆವರುತ್ತಿದ್ದ. ಸೂರ್ಯನ ಬೆಳಕು ಗಾಳಿಯಲ್ಲಿ ಬಾಗುತ್ತದೆ ಎಂಬುದನ್ನು ಹೇಳಬೇಕಾದ ದಿನ ಅವನು ಎರಡು ಸಲ ಶುರು ಮಾಡಿ ಎರಡು ಸಲ ಸೋತ. “ಹವಾ ಗೊತ್ತದ, ಮುಂದ ಹೇಳು” ಎನ್ನುತ್ತಿದ್ದಳು ಆಯಿ. ಮೂರನೆಯ ಸಲ ಅವನು ಪುಸ್ತಕ ಮುಚ್ಚಿದ.

“ಆಯಿ, ನೀರಾಗ ಮೀನಾ ಇರ್ತದಲ್ರಿ...”

“ನಾ ಯಾಕ ಮೀನಾ ನೋಡ್ಲಿ?”

“ನೀವು ನೋಡಬ್ಯಾಡ್ರಿ, ನಾ ನೋಡ್ತೀನಿ. ದಂಡಿ ಮ್ಯಾಲ ನಿಂತು ನೋಡಿದ್ರ ಮೀನಾ ಇದ್ದಲ್ಲಿ ಕಾಣಂಗಿಲ್ರಿ. ಇದ್ದದ್ದಕ್ಕಿಂತ ಮ್ಯಾಲ ಕಾಣ್ತದ. ಕಂಡಲ್ಲಿಗೆ ಈಟಿ ಹೊಡದ್ರ ಬರೇ ನೀರು. ನಮ್ಮಪ್ಪ ಕಂಡದ್ದಕ್ಕಿಂತ ಕೆಳಗ ಹೊಡೀತಾನ.”

“ಹೂಂ. ಅದಕ್ಕ?”

“ಹವಾನೂ ನೀರಿದ್ದಂಗ ರೀ. ನಾವು ಅದರ ತಳದಾಗ ನಿಂತೀವಿ. ಮುಳುಗೋ ಹೊತ್ನ್ಯಾಗ ಸೂರ್ಯ ಇದ್ದದ್ದಕ್ಕಿಂತ ಮ್ಯಾಲ ಕಾಣ್ತಾನ. ಖರೇ ಅಂದ್ರ ಅವ ಆಗಲೇ ಮುಳುಗಿರ್ತಾನ.”

ಆಯಿಯ ಮೊರ ನಿಂತಿತು.

“ಅಂದ್ರ ದಿನಾ ಸಂಜಿಕೆ ನಾ ಕೈ ಮುಗಿಯೋದು ಹೋದವಗೇನು?”

“ಹೌದ್ರಿ ಆಯಿ. ಹೋಗಿ ಎರಡು ನಿಮಿಷ ಆಗಿರ್ತದ.”

“ಇಷ್ಟು ವರ್ಷ ಯಾರೂ ಹೇಳಲಿಲ್ಲಲ್ಲೋ ಭಾಡ್ಯಾ!”

ಪಡಸಾಲೆಯಿಂದ ಅಪ್ಪ “ಬರಿ, ಬರಿ, ಈಗೇ ಬರಿ, ಮರೀಬ್ಯಾಡ” ಎಂದು ಕೂಗಿದ. ಆ ದಿನದಿಂದ ಆಯಿ ಸಂಜೆಯ ನಮಸ್ಕಾರವನ್ನು ಸ್ವಲ್ಪ ಮುಂಚೆಯೇ ಮುಗಿಸತೊಡಗಿದಳು. ಅವನು ಇದ್ದಾಗಲೇ ಮುಗಿದರೆ ಒಳ್ಳೆಯದು ಎನ್ನುತ್ತಿದ್ದಳು.

ಅಪ್ಪನ ಸ್ವಂತ ಭಯ ಬೇರೆ ಇತ್ತು, ಅದನ್ನು ಅವನು ಆಯಿಯ ಮುಂದೆ ಇಡುವ ಹಾಗಿರಲಿಲ್ಲ. ತಾನು ಕಲಿತದ್ದೆಲ್ಲ ಸಂಸ್ಥಾನದ ಜೊತೆಗೇ ರದ್ದಾಯಿತು ಎಂದು ಅವನಿಗೆ ಅನ್ನಿಸಿತ್ತು. ಬೆಳಿಗ್ಗೆಯೆಲ್ಲ ಒಂದು ಇಂಗ್ಲಿಷ್ ಪುಸ್ತಕ, ಒಂದು ನಿಘಂಟು ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಒಂದು ದಿನ ಆ ಪುಸ್ತಕವನ್ನು ಹಿಡಿದುಕೊಂಡೇ ಅಡಿಗೆಮನೆಗೆ ನುಗ್ಗಿದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಏ, ಕೇಳಿಲ್ಲಿ! ನೆತ್ತಿ ಮ್ಯಾಲಿನ ಬಿಂದುಕ್ಕ ನಾವು ಸಮ್ತ್-ಉರ್-ರಾಸ್ ಅಂತೀವಿ. ಇಂಗ್ಲಿಷ್‌ದವ್ರು ಜೆನಿತ್ ಅಂತಾರ. ಸಮ್ತ್, ಜೆನಿತ್! ಅದರ ಎದುರಿಂದು ನಮಗ ನಜೀರ್, ಅವರಿಗೆ ನಾಡಿರ್. ದಿಕ್ಕಿನ ಅಳತಿಗೆ ಅಜಿಮತ್ ಅಂತಾರ, ಅದೂ ನಮ್ಮ ಸಮ್ತೇ. ಎಲ್ಲಾ ನಮ್ಮವೇ ಶಬ್ದ! ಕೋಟು ಹಾಕ್ಕೊಂಡು ಬಂದಾವ, ಅಷ್ಟೇ.”

“ಬಂದಾವ ಅಂದ್ರ 'ಕೂಡ್ರಿ' ಅನ್ರಿ. ನೀವೂ ಕೂಡ್ರಿ, ರೊಟ್ಟಿ ಆರ್ತದ” ಎಂದಳು ಅವ್ವ.

ಅಂದಿನಿಂದ ಅವನ ಮುಖದ ಗಂಟು ಸಡಿಲಾಯಿತು. ಗೋಡೆಗೆ ಬೆನ್ನು ಮಾಡಿ ಕೂರತೊಡಗಿದ. ಆದರೆ ಮುಂದೆ ಆದ ಅನಾಹುತದ ಬೀಜ ಬಿದ್ದದ್ದೂ ಆ ದಿನವೇ ಎಂದು ನನ್ನ ಗುಮಾನಿ. ಶಬ್ದಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಕೂದಲೂ ಕೊಂಕದೆ ದಾಟಿದ್ದವು. ಉಳಿದದ್ದೂ ಹಾಗೆಯೇ ದಾಟುತ್ತದೆ ಎಂದು ಅವನು ನಂಬಿಬಿಟ್ಟ.

ಸಲಾಕೆ ನೆಟ್ಟದ್ದು ಶಾವಿಗೆಯ ಹಂಗಾಮಿನಲ್ಲಿ. ಬಿಸಿಲಿಗೆ ಮೊದಲು ಹಕ್ಕು ತನ್ನದು ಎಂದು ಅವ್ವನ ವಾದ. ಓಣಿಯ ಹೆಂಗಸರನ್ನು ಕೂಡಿಸಿ ಶಾವಿಗೆ ಹೊಸೆದು, ಹಗ್ಗ ಹೆಣೆದ ಹೊರಸುಗಳ ಮೇಲೆ ಕೋಲು ಅಡ್ಡ ಹಾಕಿ, ಕೂದಲು ಆರಿಸಿದಂತೆ ಇಳಿಬಿಡುತ್ತಿದ್ದಳು. ಮುಂಜಾನೆಯ ಬಿಸಿಲು ಮೊದಲು ಬೀಳುವುದು ಅಂಗಳದ ಪಶ್ಚಿಮದ ಕಡೆ; ಹೊರಸುಗಳು ಅಲ್ಲೇ ಇರುತ್ತಿದ್ದವು. ಸಲಾಕೆಯ ಮುಂಜಾನೆಯ ನೆರಳು ಬೀಳುವುದೂ ಅಲ್ಲೇ. ನೆರಳಿನ ತುದಿ ನೆಲದ ಮೇಲೆ ಸ್ಪಷ್ಟ ಕಾಣಬೇಕು, ಹೊರಸು ತೆಗೆಯಬೇಕು. ಮಧ್ಯಾಹ್ನ ದಾಟಿದರೆ ಎಲ್ಲ ತಿರುಗುಮುರುಗು.

“ನಿಮ್ಮ ನೆರಳು ಒಣಗಬೇಕೋ, ನನ್ನ ಶಾವಿಗಿ ಒಣಗಬೇಕೋ? ಒಂದು ಹೇಳ್ರಿ.”

“ನೆರಳು ಒಣಗಂಗಿಲ್ಲ, ಸರೀತದ. ಅದಕ್ಕ ಅವಸರ.”

“ಸರೀಲಿ ಬಿಡ್ರಿ. ನಾಳಿಗೆ ಮತ್ತ ಬರ್ತದ. ಒದ್ದಿ ಶಾವಿಗಿ ನಾಳಿಗೆ ನಾರ್ತದ.”

ಕೊನೆಗೆ ದೇವಿಂದ್ರ ಮಧ್ಯದಲ್ಲಿ ಬಂದು ಹೊರಸುಗಳ ಜವಾಬ್ದಾರಿ ತನ್ನದೆಂದ. ಮುಂಜಾನೆ ಎಳೆದು ಪೂರ್ವಕ್ಕೆ, ಮಧ್ಯಾಹ್ನ ಎಳೆದು ಪಶ್ಚಿಮಕ್ಕೆ. ಒಂದು ದಿನ ಎಳೆಯುವಾಗ ಒಂದು ಕೋಲಿನ ಶಾವಿಗೆ ಪೂರ್ತಿ ಮಣ್ಣಿಗೆ ಬಿತ್ತು. ಅವ್ವ ಬೈಯಲಿಲ್ಲ. ಎರಡು ದಿನ ಅವನಿಗೆ ಮಜ್ಜಿಗೆ ಕೊಡಲಿಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು. ನಡುವೆ ಒಂದು ಮಧ್ಯಾಹ್ನ ಸಲಾಕೆಗೆ ನೆರಳೇ ಇಲ್ಲದಾಯಿತು. ನಮ್ಮ ಕಡೆ ಬೇಸಿಗೆಯಲ್ಲಿ ಒಂದು ದಿನ ಹಾಗಾಗುತ್ತದೆ, ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಯಿ ಹಿತ್ತಾಳೆ ಚೆಂಬು ತಂದು ಇಟ್ಟು ನೋಡಿದಳು. ಅವ್ವ ಹಿಟ್ಟಿನ ಕೈಯನ್ನೇ ಚಾಚಿದಳು. ಯಾವುದಕ್ಕೂ ಪಕ್ಕಕ್ಕೆ ನೆರಳಿರಲಿಲ್ಲ. ಆ ಹತ್ತು ನಿಮಿಷ ಅಂಗಳದಲ್ಲಿ ಯಾರೂ ಜಗಳಾಡಲಿಲ್ಲ ಎಂದು ನೆನಪು ಹೇಳುತ್ತದೆ. ಐದು ನಿಮಿಷ ಇರಬಹುದು.

ಅಳತೆಗಳನ್ನು ದೇವಿಂದ್ರ ತನಗೆ ರೂಢಿಯಾದಂತೆ ಉರ್ದುವಿನಲ್ಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ದಿನಕ್ಕೆ ಒಂದು ಸಾಲು, ಸಾಲಿಗೆ ಐದು ಮನೆ. ಮೂವತ್ತು ದಿನ ಮುಗಿದ ಮೇಲೆ ವಿಶ್ವವಿದ್ಯಾಲಯದಿಂದ ಬಂದ ಹೊಸ ದಾಖಲೆ ಪುಸ್ತಕಕ್ಕೆ ಅದನ್ನು ಇಳಿಸಿದ. ಅದರಲ್ಲೂ ಸಾಲಿಗೆ ಐದು ಮನೆ, ಪ್ರತಿ ಮನೆಯ ನೆತ್ತಿಯಲ್ಲಿ ಸಣ್ಣಗೆ ಇಂಗ್ಲಿಷ್ ಅಕ್ಷರ ಅಚ್ಚಾಗಿತ್ತು. ಉರ್ದು ಅಂಕಿ ಹೋಗಿ ಇಂಗ್ಲಿಷ್ ಅಂಕಿ ಬಂತು. ಅಪ್ಪ ಹಳೆಯದನ್ನು ಹಿಡಿದು, ದೇವಿಂದ್ರ ಹೊಸದನ್ನು ಹಿಡಿದು, ಎದುರುಬದುರು ಕೂತು ಎರಡು ದಿನ ಒಬ್ಬರಿಗೊಬ್ಬರು ಅಂಕಿ ಓದಿ ಹೇಳಿದರು. ಒಂದೂ ತಪ್ಪಿರಲಿಲ್ಲ. ಕೊನೆಯ ಲೆಕ್ಕದಲ್ಲಿ ಸುರಪುರ ಭೂಮಿಯ ಮೇಲೆ ಎಲ್ಲಿರಬೇಕೋ ಅಲ್ಲೇ ಇತ್ತು. ಅಪ್ಪ ಕೆಳಗೆ ಪರಿಶೀಲಿಸಿದ್ದೇನೆ ಎಂದು ಬರೆದು, ಜೀವನದಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ರುಜು ಹಾಕಿದ. ಪುಸ್ತಕ ಟಪಾಲಿನಲ್ಲಿ ಹೋಯಿತು. ದೇವಿಂದ್ರ ನಮ್ಮಲ್ಲೇ ಉಳಿದು ಬರೆಯುವ ಪರೀಕ್ಷೆಗೆ ಓದತೊಡಗಿದ.

ಮೂರು ವಾರಕ್ಕೆ ಪುಸ್ತಕ ವಾಪಸು ಬಂತು, ಜೊತೆಗೆ ಪರೀಕ್ಷಕರ ಪತ್ರ. ಅಪ್ಪ ನಿಂತೇ ಓದಿದ, ಆಮೇಲೆ ಕೂತು ಓದಿದ, ಆಮೇಲೆ ನಮಗೆ ಕನ್ನಡದಲ್ಲಿ ಹೇಳಿದ. ಪತ್ರ ನಾಲ್ಕೇ ಸಾಲಿತ್ತು. ಇಂಥ ಅಳತೆಗಳು ಭೂಮಿಯ ಮೇಲೆ ಯಾವ ಜಾಗದಲ್ಲೂ ಸಿಗಲಾರವು. ವಿದ್ಯಾರ್ಥಿ ಇವನ್ನು ನೋಡಿ ಬರೆದಿಲ್ಲ, ಕೂತಲ್ಲಿ ಹುಟ್ಟಿಸಿದ್ದಾನೆ ಎಂದು ತಿಳಿಯಬೇಕಾಗಿದೆ. ರುಜು ಹಾಕಿದ ಅಧ್ಯಾಪಕರು ಹದಿನೈದು ದಿನದೊಳಗೆ ವಿವರಣೆ ಕೊಡಬೇಕು. ಕೊಡದಿದ್ದರೆ ವಿದ್ಯಾರ್ಥಿ ನಪಾಸು.

ಇಬ್ಬರೂ ಮತ್ತೆ ಎರಡು ಪುಸ್ತಕ ಹಿಡಿದು ಕೂತರು. ಮತ್ತೆ ಅಂಕಿಗೆ ಅಂಕಿ ಹೊಂದಿತು. ಗುಣಾಕಾರ, ಭಾಗಾಕಾರ ಎಲ್ಲ ಹೊಸದಾಗಿ ಮಾಡಿದರು. ಉತ್ತರ ಅದೇ ಬಂತು. ಮೂರನೆಯ ದಿನ, ಊಟದ ತಾಟಿನ ಮುಂದೆ, ಅಪ್ಪ ತಲೆ ಎತ್ತದೆ ಕೇಳಿದ.

“ದೇವಿಂದ್ರ, ಖರೇ ಹೇಳು. ನಾ ಶಹಾಪುರಕ್ಕ ಹೋದಾಗೊಮ್ಮೆ, ಯಾವಾಗಾರ ಒಂದಿನ ಅಳೀದೆ ಬರದೀಯೇನು?”

ದೇವಿಂದ್ರನ ಕೈ ರೊಟ್ಟಿಯ ಮೇಲೆ ನಿಂತಿತು. ಮಾತಾಡಿದವಳು ಅವ್ವ, ಒಲೆಯ ಕಡೆಯಿಂದ.

“ಒಂದು ದಿನಾನೂ ತಪ್ಪಿಸಿಲ್ರಿ ಅವ. ತಪ್ಪಿಸಿದ್ರ ನನ್ನ ಹೊರಸು ಇದ್ದಲ್ಲೇ ಇರ್ತಿದ್ವು. ಮೂವತ್ತು ದಿನ ಎಳದಾನ. ನಾ ಮೂವತ್ತು ದಿನ ಬೈದೀನಿ. ನನ್ನ ಕೇಳ್ರಿ, ನಾ ಬರದ ಕೊಡ್ತೀನಿ.”

ಆ ಮಾತಿಗೆ ಅಪ್ಪ ನಾಚಿದ. ನಾಚಿಕೆ ಆದರೂ ಉತ್ತರ ಸಿಗಲಿಲ್ಲ. ಮರುದಿನ ಬೆಳಿಗ್ಗೆ ದೇವಿಂದ್ರ ಟ್ರಂಕು ಕಟ್ಟಿ ಕಟ್ಟೆಯ ಮೇಲಿಟ್ಟ. ಯಾದಗಿರಿಯ ಕಡೆ ಹೋಗುವ ಬಸ್ಸಿಗೆ ಇನ್ನೂ ಒಂದು ತಾಸಿತ್ತು.

“ನನ್ನ ಸಲುವಾಗಿ ನಿಮ್ಮ ರುಜು ಸುಳ್ಳಾಗ್ತದ ಸರ್. ಸುಳ್ಳ ಬರದೀನಂತ ನಾನೇ ಬರದ ಕೊಟ್ಟು ಹೋಗ್ತೀನಿ. ಹೊಳಿ ಅದ, ಹರಗೋಲ ಅದ.”

“ಸುಳ್ಳ ಬರದೀಯೇನು?”

“ಇಲ್ರಿ.”

“ಮತ್ತ ಬರದೀನಂತ ಬರದ ಕೊಟ್ಟರ ಅದು ಸುಳ್ಳಲ್ಲೇನು? ಟ್ರಂಕ ಒಳಗ ಇಡು.”

“ಇಟ್ಟು ಏನ ಮಾಡ್ಲಿ ಸರ್? ಉಳದದ್ದು ಹತ್ತ ದಿನ.”

ಇದಾದ ಮೇಲಿನದನ್ನು ಯಾರು ಮಾಡಿದರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಹಲವು ಪಾಠಾಂತರಗಳಿವೆ. ನನ್ನ ತಮ್ಮ ಸಾಯುವವರೆಗೂ ತಾನೇ ಎಂದು ಹೇಳುತ್ತಿದ್ದ. ಆಗ ಅವನಿಗೆ ಮಾತೇ ಬರುತ್ತಿರಲಿಲ್ಲ. ನಾನು ಎಂದು ನನಗೂ ಬಹಳ ವರ್ಷ ನೆನಪಿತ್ತು. ನೋಟುಬುಕ್ಕು ತಿರುವಿ ಹಿಡಿದು ಏಟು ತಿಂದ ಹುಡುಗಿಗೇ ಆ ತಪ್ಪು ಕಾಣಿಸಿತು ಎನ್ನುವುದು ಕಥೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಅದೊಂದೇ ಕಾರಣಕ್ಕೆ ನಾನು ಅದನ್ನು ನಂಬುವುದನ್ನು ಬಿಟ್ಟೆ. ಅವ್ವ ತನ್ನ ಪಾಠವನ್ನು ಒಂದೇ ಸಲ ಹೇಳಿದ್ದಳು, ಅದೂ ಮಜ್ಜಿಗೆಯ ಗಡಿಗೆ ಒಡೆದ ಸಿಟ್ಟಿನಲ್ಲಿ. ಅದನ್ನು ನಂಬುತ್ತೇನೆ. ಅವಳು ಆ ಹೊತ್ತಿಗೆ ಇಬ್ಬರಿಗೂ ಮಜ್ಜಿಗೆ ಕೊಡಲು ಕಟ್ಟೆಗೆ ಬಂದಿದ್ದಳು. ಅವಳಿಗೆ ಉರ್ದು ಬರುತ್ತಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡ ಮಾತ್ರ, ಅದನ್ನು ಅವಳ ತವರಿನಲ್ಲಿ ಯಾರೋ ಮನೆಯಲ್ಲೇ ಕಲಿಸಿದ್ದರು. ದೇವಿಂದ್ರನ ಟ್ರಂಕಿನ ಮೇಲೆ ದಾಖಲೆ ಪುಸ್ತಕ ತೆರೆದು ಬಿದ್ದಿತ್ತು.

“ಅತ್ತಿಯವರಿಗೆ ತಿಳಿಸಿ ಹೇಳ್ತಿದ್ದೆಲ್ಲ, ನನಗೂ ಹೇಳು. ಇದೇನು ಬರದದ?”

“ಇದು ಒಂದು ದಿನದ್ದು ಅಕ್ಕಾರ. ಇಲ್ಲಿ ಮುಂಜಾನಿ ಎಂಟು...” ದೇವಿಂದ್ರ ಸಾಲಿನ ಬಲತುದಿಯ ಮೇಲೆ ಬೆರಳಿಟ್ಟ.

“ಅಲ್ಯಾಕ? ಇಲ್ಲಿಂದ ಓದೂದಿಲ್ಲೇನು?” ಅವ್ವ ಎಡತುದಿ ತೋರಿಸಿದಳು.

“ಇಲ್ರಿ ಅಕ್ಕಾರ. ಉರ್ದು ಬಲಗಡಿಯಿಂದ ಓದೂದು.”

“ಇದು ಉರ್ದು ಏನು?”

ಗಡಿಗೆ ಒಡೆದದ್ದು ಆಗ. ಅಪ್ಪ ಎದ್ದ ರಭಸಕ್ಕೆ ಅವನ ಮೊಳಕಾಲು ತಾಗಿತು. ಮಜ್ಜಿಗೆ ಕಟ್ಟೆಯಿಂದ ಇಳಿದು ಹರಿಯುತ್ತಿದ್ದರೆ ಅವನು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಆ ಸಣ್ಣ ಅಕ್ಷರಗಳನ್ನು ಓದುತ್ತಿದ್ದ. ಎಡತುದಿಯ ಮನೆಯ ಮೇಲೆ ಎ.ಎಂ. ಬಲತುದಿಯ ಮನೆಯ ಮೇಲೆ ಪಿ.ಎಂ. ದೇವಿಂದ್ರ ಉರ್ದು ಪುಟದ ಬಲತುದಿಯ ಮುಂಜಾನೆಯನ್ನು ಇಂಗ್ಲಿಷ್ ಪುಟದ ಬಲತುದಿಗೆ ಇಳಿಸಿದ್ದ, ಎಡತುದಿಯ ಸಂಜೆಯನ್ನು ಎಡತುದಿಗೆ. ಮೂವತ್ತು ದಿನವೂ ಸುರಪುರದಲ್ಲಿ ಸೂರ್ಯ ಪಶ್ಚಿಮಕ್ಕೆ ಹುಟ್ಟಿ ಪೂರ್ವಕ್ಕೆ ಮುಳುಗಿದ್ದ. ನಡುಮಧ್ಯಾಹ್ನದ ಮನೆ ಮಾತ್ರ ಎರಡೂ ಭಾಷೆಯಲ್ಲಿ ನಡುವೆಯೇ ಇರುತ್ತದೆ. ಲೆಕ್ಕ ನಿಂತಿದ್ದದ್ದು ಅದರ ಮೇಲೆ, ಅದಕ್ಕೇ ಉತ್ತರ ಸರಿ ಬಂದಿತ್ತು. ಆ ಎರಡೆರಡು ಅಕ್ಷರಗಳನ್ನು ಗುರುವೂ ಓದಿರಲಿಲ್ಲ, ಶಿಷ್ಯನೂ ಓದಿರಲಿಲ್ಲ. ಮುಂಜಾನೆ ಬಲಗಡೆ ಇರುತ್ತದೆ ಎಂಬುದು ಅವರಿಗೆ ಓದಿ ತಿಳಿಯುವ ಸಂಗತಿಯೇ ಆಗಿರಲಿಲ್ಲ.

ಅಪ್ಪ ನಕ್ಕ. ಎಷ್ಟೋ ದಿನದಿಂದ ಒಳಗೆ ಕಟ್ಟಿಕೊಂಡಿದ್ದ ನಗು, ಅದು ಕೆಮ್ಮಾಗಿ ಕಣ್ಣೀರಾಗಿ ಬಂತು. ದೇವಿಂದ್ರ ನಗಲಿಲ್ಲ. ಒಡೆದ ಗಡಿಗೆಯ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ, ಯಾರು ಬೇಡವೆಂದರೂ ಬಿಡಲಿಲ್ಲ. ಆಯಿ ಒಳಗಿನಿಂದ ಬಂದು ಏನಾಯಿತೆಂದು ಕೇಳಿದಳು.

“ಯವ್ವಾ, ಸೂರ್ಯ ಯಾವ ಕಡಿಂದ ಹುಟ್ತಾನ?” ಎಂದ ಅಪ್ಪ.

“ಇದನ್ನ ಕಲೀಲಿಕ್ಕ ಹೈದರಾಬಾದಿಗೆ ಕಳಿಸಿದ್ದೆವೇನು ನಿನ್ನ?” ಎಂದಳು ಆಯಿ.

ಮುಂದೆ ನಾನೂ ಮೂವತ್ತು ವರ್ಷ ಪಾಠ ಹೇಳಿದೆ, ಖಗೋಳವಲ್ಲ, ಭಾಷೆ. ವಿದ್ಯಾರ್ಥಿಯ ಉತ್ತರ ತಪ್ಪಾಗಿ ಕಂಡರೆ ಕೆಂಪು ಗೀಟು ಎಳೆಯುವ ಮೊದಲು, ಇವನು ಯಾವ ತುದಿಯಿಂದ ಹೊರಟಿದ್ದಾನೆ ಎಂದು ಹುಡುಕುವ ಚಟ ನನಗೆ ಅಂಟಿಕೊಂಡಿತು. ಜೊತೆಯವರು ಇದನ್ನು ನನ್ನ ಮೆದುತನ ಎನ್ನುತ್ತಿದ್ದರು. ಬರವಣಿಗೆಯಲ್ಲಿ ಅದು ಬೇರೆ ರೋಗವಾಯಿತು: ಒಂದು ಪುಟ ಸರಿಯಾಗಿ, ಸಲೀಸಾಗಿ ಓದಿಸಿಕೊಂಡರೆ ನನಗೆ ಸಂಶಯ ಶುರುವಾಗುತ್ತದೆ, ತಲೆಬರಹದ ಯಾವುದೋ ಸಣ್ಣ ಅಕ್ಷರವನ್ನು ಓದದೆ ಬಿಟ್ಟೆನೇ ಎಂದು. ಇದೆಲ್ಲ ಆ ಕಟ್ಟೆಯಿಂದಲೇ ಬಂತು ಎಂದು ಪ್ರಮಾಣ ಮಾಡಲಾರೆ. ಬರುವುದಕ್ಕೆ ಬೇರೆ ಜಾಗವೂ ನೆನಪಾಗುವುದಿಲ್ಲ.

ಆದರೆ ತಪ್ಪು ಸಿಕ್ಕ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಅಪ್ಪ ಅಂದೇ ವಿವರಣೆ ಬರೆದ. ತಪ್ಪು ತನ್ನದು, ತಿಳಿದು ನೋಡಬೇಕಾದವನು ತಾನು ಎಂದು ಬರೆದು, ಉರ್ದು ನೋಟುಬುಕ್ಕನ್ನೂ ಜೊತೆಗಿಟ್ಟು ಕಳಿಸಿದ. ಪರೀಕ್ಷಕರು ಹೊರಗಿನವರು, ಅವರಿಗೆ ಉರ್ದು ಬಾರದು. ಮುಂಜಾನೆ ಬಲಗಡೆ ಇತ್ತು ಎಂಬುದು, ಸಿಕ್ಕಿಬಿದ್ದ ಮೇಲೆ ಹೊಸೆದ ನೆಪದಂತೆ ಅವರ ಕಿವಿಗೆ ಕೇಳಿಸಿದರೆ ಆಶ್ಚರ್ಯವಿರಲಿಲ್ಲ. ವಿದ್ಯಾರ್ಥಿಯನ್ನೂ ಅಧ್ಯಾಪಕರನ್ನೂ ಖುದ್ದಾಗಿ ಹೈದರಾಬಾದಿಗೆ ಬರಹೇಳಿ ಉತ್ತರ ಬಂತು. ಅಪ್ಪ ಶೇರ್ವಾನಿ ಹಾಕಬೇಕೋ ಕೋಟು ಹಾಕಬೇಕೋ ಎಂದು ಅರ್ಧ ದಿನ ಯೋಚಿಸಿ ಶೇರ್ವಾನಿಯನ್ನೇ ಹಾಕಿಕೊಂಡ. ಇಬ್ಬರೂ ಮುಂಜಾನೆಯ ಬಸ್ಸಿಗೆ ಹೊರಟರು. ದೇವಿಂದ್ರ ತನ್ನ ಟ್ರಂಕನ್ನು ತೆಗೆದುಕೊಂಡು ಹೋದ. ನಪಾಸಾದರೆ ಬರುವಾಗ ಯಾದಗಿರಿಯಲ್ಲೇ ಇಳಿದು ಮನೆಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದು ಆಯಿಗೆ ಹೇಳಿದ್ದ. ಆಯಿ ಅದನ್ನು ಅವ್ವನಿಗೆ ಹೇಳಿದಳು. ಅವ್ವ ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಗುಡಿಸಿದ ಹೊಸ್ತಿಲನ್ನೇ ಮತ್ತೆ ಗುಡಿಸುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಅಪ್ಪ ಓಣಿಯ ತಿರುವಿನಲ್ಲಿ ಕಂಡ. ಒಬ್ಬನೇ. ಅವ್ವ ಪೊರಕೆ ಹಿಡಿದು ನಿಂತೇ ಇದ್ದಳು. ಅಪ್ಪ ನಡೆದು ಬಾಗಿಲ ಹತ್ತಿರ ಬಂದ ಮೇಲೆ, ತಿರುವಿನಲ್ಲಿ ಟ್ರಂಕು ಕಂಡಿತು, ಅದರ ಕೆಳಗೆ ದೇವಿಂದ್ರ. ಬಸ್ಸಿನ ಮಾಳಿಗೆಯಿಂದ ಅದನ್ನು ಇಳಿಸಿಕೊಳ್ಳಲು ಹಿಂದೆ ಉಳಿದಿದ್ದ.

“ಪಾಸೋ, ಏನೋ? ಬಾಯಿ ಬಿಡ್ರೋ!” ಎಂದಳು ಆಯಿ.

“ಪಾಸ್ ಆಯಿ” ಎಂದ ದೇವಿಂದ್ರ, ಟ್ರಂಕು ಇನ್ನೂ ತಲೆಯ ಮೇಲೆ ಇರುವಾಗಲೇ.

ಇಳಿಸಿದ ಮೇಲೆ ಅವನೇ ಹೇಳಿದ. ಪರೀಕ್ಷಕರು ಉರ್ದು ನೋಟುಬುಕ್ಕನ್ನು ತಿರುವಿ ತಿರುವಿ ನೋಡಿ ಮೇಜಿನ ಮೇಲಿಟ್ಟರು. ಇದು ನನಗೆ ಓದಲು ಬರುವುದಿಲ್ಲ, ನೀವು ಬೇಕಾದ್ದು ಹೇಳಬಹುದು ಎಂದರು. ಯಾವುದಾದರೂ ಒಂದು ದಿನದ ಸಾಲನ್ನು ಬೋರ್ಡಿನ ಮೇಲೆ ಬರೆಯಲು ಹೇಳಿದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗಿನ ಬೋರ್ಡು.

“ನಾ ಸೀದಾ ಹೋಗಿ ಬಲಗಡಿ ತುದೀಗೆ ನಿಂತೆ ಆಯಿ. ಸೀಮೆಸುಣ್ಣ ಎತ್ತೀನಿ, ಆಗ ನೆನಪಾತು. ಕೈ ಇಳಿಸಿ, ಬೋರ್ಡಿನ ಗುಂಟ ನಡಕೋತ ಎಡಗಡಿ ತುದೀಗೆ ಹೋದೆ. ಬೂಟು ಟಪ್ ಟಪ್ ಅಂತಿದ್ವು. ಅಲ್ಲಿ ನಿಂತು ಮೊದಲನೇ ಅಂಕಿ ಬರದೆ, ಅಷ್ಟ್ರಾಗ ಸಾಹೇಬ್ರು ಸಾಕು ಅಂದ್ರು.”

“ಅಷ್ಟಕ್ಕ ಪಾಸ್ ಮಾಡಿದ್ರೇನು?”

“ಆಮ್ಯಾಲ ಒಂದು ತಾಸು ಪ್ರಶ್ನಿ ಕೇಳಿದ್ರಿ. ಆದ್ರ ಬಲಗಡಿ ಹೋಗಿ ನಿಂತಾಗಲೇ ಪಾಸ್ ಆಗಿತ್ತು ಅಂತ ಸರ್ ಅಂತಾರ.”

ಸರ್ ಏನೆನ್ನುತ್ತಾನೆ ಎಂದು ನಾವೆಲ್ಲ ತಿರುಗಿ ನೋಡಿದೆವು. ಅಪ್ಪ ಶೇರ್ವಾನಿಯ ಗುಂಡಿ ಬಿಚ್ಚದೆ, ಬೂಟು ಕಳಚದೆ, ಕಟ್ಟೆಯ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಅವ್ವ ಅವನಿಗೆಂದು ತಂದ ನೀರಿನ ಚೆಂಬನ್ನು ಹಿಡಿದುಕೊಂಡು ಎದುರಿಗೆ ನಿಂತಿದ್ದಳು. ಎಬ್ಬಿಸುತ್ತಾಳೆ ಎಂದುಕೊಂಡೆ. ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕತ್ತು ಎತ್ತಿ, ನಿಂತಲ್ಲೇ, ಆ ಚೆಂಬು ನೀರನ್ನು ಗಟಗಟ ತಾನೇ ಕುಡಿದಳು.